ಕಂಪ್ಯೂಟರಿನ ಕಸುಬಿಗೆ ಉಪಕರಣಗಳ ಆಯ್ಕೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಬೀದರ ನಗರದಲ್ಲಿ ಬಿದರಿ ಕೆಲಸ ಮಾಡುವವರ ಮುಂದೆ ಹರಡಿರುವ ಉಪಕರಣಗಳು ಬಹಳವಿಲ್ಲ. ಬಗೆಬಗೆಯ ಮೊನೆಯ ಕೆಲವು ಉಳಿಗಳು, ಒಂದು ಸುತ್ತಿಗೆ, ಒಂದೆರಡು ಅರಗಳು, ಇಷ್ಟೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಅವರು ಹೂಬಳ್ಳಿಗಳನ್ನು ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ಬಳಸಿ ಪಾತ್ರೆಗೆ ಮಾಸದ ಕಪ್ಪನ್ನು ತರಿಸುತ್ತಾರೆ. ಇಲ್ಲಿ ಗಮನಿಸತಕ್ಕ ಸಂಗತಿಗಳು ಮೂರು. ಒಂದೊಂದು ಉಳಿಗೂ ಅದರದರ ಕೆಲಸವಿದೆ. ಚೆಂದಕ್ಕೆಂದು ಕೊಂಡದ್ದು ಯಾವುದೂ ಇಲ್ಲ. ಉಳಿ ಮೊಂಡಾದರೆ ಊರಲ್ಲಿಯೇ ಮಸೆಯಬಹುದು. ಮೂರನೆಯದಾಗಿ, ಹೂಜಿ ಸಿದ್ಧವಾದ ಮೇಲೆ ಅದಕ್ಕೆ ಉಳಿಯ ಹಂಗಿಲ್ಲ. ಉಳಿ ಮುರಿದುಹೋದರೂ ಹೂಜಿ ನೂರಾರು ವರ್ಷ ಬಾಳುತ್ತದೆ.

ಇದೇ ಮೂರು ಮಾತುಗಳು ನಮ್ಮ ಕಾಲದ ಇನ್ನೊಂದು ಕಸುಬಿಗೂ ಚೆನ್ನಾಗಿ ಒಪ್ಪುತ್ತವೆ. ಅದು ಕಂಪ್ಯೂಟರಿಗೆ ಆದೇಶಗಳನ್ನು ಬರೆಯುವ ಕಸುಬು. ಇಂಥ ಆದೇಶಗಳ ಮಾಲೆಗೆ ಪ್ರೋಗ್ರಾಂ ಎಂದೂ ಅದನ್ನು ಬರೆಯುವವನಿಗೆ ಪ್ರೋಗ್ರಾಮರ್ ಎಂದೂ ಹೆಸರು. ಈತನ ಉಪಕರಣಗಳು ಎರಡು ತೆರ: ಕೈಗೆ ತಗಲುವ ಯಂತ್ರಾಂಶ, ಕೈಗೆ ತಗಲದ ತಂತ್ರಾಂಶ. ಇವೆರಡನ್ನೂ ಆರಿಸಿಕೊಳ್ಳುವ ಬಗೆಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಉಪಕರಣ ಹೋದರೂ ಕೆಲಸ ಉಳಿಯುವಂತಿರಬೇಕು. ಯಾವ ಯಂತ್ರವನ್ನು ಕೊಳ್ಳುವಾಗಲೂ ಯಾವ ತಂತ್ರಾಂಶವನ್ನು ಕಲಿಯುವಾಗಲೂ ಇದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೆಚ್ಚು ಮೋಸಹೋಗಲಾರೆವು.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ಒಕ್ಕಲುತನದ, ಕೂಲಿಯ, ಚಿಕ್ಕಪುಟ್ಟ ಅಂಗಡಿಯ ಮನೆಗಳಿಂದ ಬಂದವರು. ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲನ್ನು ಮೊದಲ ಬಾರಿಗೆ ತುಳಿದವರೂ ಅನೇಕರಿದ್ದಾರೆ. ಈ ಲೇಖಕನೂ ಅವರಲ್ಲೊಬ್ಬ. ಇಂಥ ಮನೆಗೆ ಒಂದು ಲ್ಯಾಪ್‌ಟಾಪ್ ಬರಬೇಕಾದರೆ ಒಂದು ಸುಗ್ಗಿಯ ತೊಗರಿಯೋ ಸೋಯಾಬೀನೋ ಮಾರಿಹೋಗಬೇಕು, ಇಲ್ಲವೆ ಸಾಲದ ಪತ್ರಕ್ಕೆ ತಂದೆ ಸಹಿ ಹಾಕಬೇಕು. ಸಿರಿವಂತನು ತಪ್ಪು ಯಂತ್ರವನ್ನು ಕೊಂಡರೆ ಇನ್ನೊಂದನ್ನು ಕೊಳ್ಳುತ್ತಾನೆ. ನಮಗೆ ಆ ಎರಡನೆಯ ಅವಕಾಶವಿಲ್ಲ. ಆದುದರಿಂದಲೇ ಆಯ್ಕೆಯ ವಿವೇಕವು ನಮಗೆ ಹೆಚ್ಚು ಬೇಕು. ಕಂಪ್ಯೂಟರು ವಿಜ್ಞಾನ ವಿಭಾಗದವರ ಸ್ವತ್ತೆಂಬ ಭಾವನೆಯಂತೂ ಹಳೆಯದಾಯಿತು. ಭಾಷೆ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿದವರೂ ಪ್ರೋಗ್ರಾಂ ಬರೆದು ಜೀವನೋಪಾಯವನ್ನು ಕಂಡುಕೊಳ್ಳುವ ಕಾಲವಿದು.

ಆಯ್ಕೆ ಎಂಬುದು ಈ ಕಸುಬಿನಲ್ಲಿ ಹೊಸ ತೊಡಕು. 1955ರಲ್ಲಿ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಒಂದು ಕಂಪ್ಯೂಟರನ್ನು ತರಿಸಲಾಯಿತು. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಯಂತ್ರವು ಕೆಲಸಕ್ಕೆ ತೊಡಗಿತು. ಟಿಫ್ರಾಕ್ ಎಂಬುದು ಅದರ ಹೆಸರು. ಆಗಿನ ಪ್ರೋಗ್ರಾಮರನಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಯಂತ್ರ ಒಂದೇ, ಕೋಣೆ ಒಂದೇ. ತನ್ನ ಸರದಿಗಾಗಿ ಕಾಯುವುದಷ್ಟೇ ಆತನ ಪಾಲು. ಇಂದು ಅಂಗಡಿಯ ಕಪಾಟಿನಲ್ಲಿ ಹತ್ತಾರು ಯಂತ್ರಗಳು ಸಾಲಾಗಿ ಹೊಳೆಯುತ್ತವೆ. ಮಾರುವವನಿಗೆ ಅವುಗಳ ಬೆಲೆ ಗೊತ್ತು. ನಮ್ಮ ಕೆಲಸವೇನೆಂಬುದು ನಮಗೇ ಗೊತ್ತಿರಬೇಕು.

ಮೊದಲು ಕೆಲಸ, ಆಮೇಲೆ ಯಂತ್ರ

ಕೊಳ್ಳುವುದಕ್ಕೆ ಮೊದಲು ನಮ್ಮನ್ನು ನಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಏನು ಮಾಡಬೇಕಾಗಿದೆ? ಎಲ್ಲಿ ಕುಳಿತು ಮಾಡಬೇಕಾಗಿದೆ? ಕೆಟ್ಟರೆ ರಿಪೇರಿ ಎಲ್ಲಿ? ಒಂದು ಹಾಲು ಉತ್ಪಾದಕರ ಸಂಘದ ಲೆಕ್ಕವನ್ನು ಬರೆಯುವ ಪ್ರೋಗ್ರಾಂ, ಒಂದು ಶಾಲೆಯ ಹಾಜರಿಯ ಪ್ರೋಗ್ರಾಂ, ಒಂದು ಅಂತರಜಾಲ ಪುಟ ಇಂಥವಕ್ಕೆ ಸಾಧಾರಣ ಯಂತ್ರವೇ ಸಾಕು. ಚಲನಚಿತ್ರದ ಸಂಕಲನಕ್ಕೆ, ಮೂರು ಆಯಾಮದ ಆಟಗಳ ರಚನೆಗೆ, ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡುವುದಕ್ಕೆ ಮಾತ್ರ ಬಲಶಾಲಿಯಾದ ಯಂತ್ರ ಬೇಕು. ಕಲಿಯುತ್ತಿರುವವನಿಗೆ ಇವು ಬಹುತೇಕ ಬೇಡ. ಒಂದು ವೇಳೆ ಬೇಕಾದರೆ ದೂರದ ಯಂತ್ರಗಳನ್ನು ಅಂತರಜಾಲದ ಮೂಲಕ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ಸೌಕರ್ಯವೂ ಇದೆ.

ಯಂತ್ರವನ್ನು ಕೊಳ್ಳಲು ಇನ್ನೂ ಅನುಕೂಲವಾಗದವರು ಸುಮ್ಮನೆ ಕೂಡಬೇಕಾಗಿಲ್ಲ. ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಕಲಿಯಬಹುದು. ಚಿಕ್ಕ ಪರದೆಯಲ್ಲಿ ಕಣ್ಣಿಗೆ ಆಯಾಸವಾಗುವುದು ನಿಜ. ಆದರೆ ಈ ಕಸುಬು ನಮಗೆ ಒಗ್ಗುವುದೋ ಇಲ್ಲವೋ ಎಂಬುದು ಮನೆಯವರ ಹಣ ಖರ್ಚಾಗುವ ಮೊದಲೇ ತಿಳಿಯುತ್ತದೆ. ಇದೇನೂ ಸಣ್ಣ ಲಾಭವಲ್ಲ.

ಯಂತ್ರದ ಪರೀಕ್ಷೆ

ಕಂಪ್ಯೂಟರಿನ ಒಳಗಿನ ಮುಖ್ಯ ಭಾಗಗಳನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೋಲಿಸಿದರೆ ತಿಳಿಯುವುದು ಸುಲಭ. ಓದುವ ವಿದ್ಯಾರ್ಥಿಯೇ ಪ್ರೊಸೆಸರು. ಪುಸ್ತಕಗಳ ಕಪಾಟುಗಳೇ ಡಿಸ್ಕು. ಕಪಾಟಿನಿಂದ ತೆಗೆದ ಪುಸ್ತಕಗಳನ್ನು ಹರಡಿಕೊಳ್ಳುವ ಮೇಜೇ ರ‍್ಯಾಮ್. ವಿದ್ಯಾರ್ಥಿ ಎಷ್ಟೇ ಚುರುಕಾಗಿರಲಿ, ಮೇಜು ಚಿಕ್ಕದಾದರೆ ಒಂದು ಪುಸ್ತಕವನ್ನಿಟ್ಟು ಇನ್ನೊಂದನ್ನು ತರಲು ಪದೇ ಪದೇ ಕಪಾಟಿನ ಕಡೆಗೆ ಓಡಬೇಕಾಗುತ್ತದೆ. ಓದುವುದಕ್ಕಿಂತ ಓಡಾಟವೇ ಹೆಚ್ಚಾಗುತ್ತದೆ. ಪ್ರೋಗ್ರಾಮರನು ಒಂದೇ ವೇಳೆಗೆ ಬರೆಯುವ ಪುಟ, ಪರೀಕ್ಷಿಸುವ ಕಿಟಕಿ, ಆಕರಗಳನ್ನು ಓದುವ ಬ್ರೌಸರು ಇಷ್ಟನ್ನೂ ತೆರೆದಿಟ್ಟುಕೊಳ್ಳುತ್ತಾನೆ. ಆದುದರಿಂದ ಹಣ ಕಡಿಮೆಯಿರುವವನು ಮೊದಲು ಗಮನ ಕೊಡಬೇಕಾದದ್ದು ಮೇಜಿಗೆ, ಅಂದರೆ ರ‍್ಯಾಮಿಗೆ. ಇಂದಿನ ಕೆಲಸಕ್ಕೆ 8 ಜಿ.ಬಿ. ಸಾಕಾಗುತ್ತದೆ, 16 ಜಿ.ಬಿ. ಇದ್ದರೆ ನಿರಾತಂಕ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅದನ್ನು ಮುಂದೆ ಹೆಚ್ಚಿಸಲಾಗದು. ಬೇರೆ ಕೆಲವಲ್ಲಿ ಹೊಸ ಪಟ್ಟಿಯನ್ನು ಸೇರಿಸಲು ಖಾಲಿ ಜಾಗವಿರುತ್ತದೆ. ಎರಡನೆಯ ಬಗೆಯದನ್ನು ಕೊಂಡರೆ ಇಂದು 8 ಜಿ.ಬಿ.ಯಿಂದ ತೊಡಗಿ, ನಾಲ್ಕು ಕಾಸು ಸಂಪಾದಿಸಿದ ಮೇಲೆ ಇನ್ನೂ 8 ಜಿ.ಬಿ. ಸೇರಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಬಲ್ಲೆವು. ಮುಂದೆ ಉದ್ದ ಮಾಡಬಹುದಾದ ಹಾಸಿಗೆಯನ್ನು ಆರಿಸುವುದು ಇನ್ನೂ ಜಾಣತನ. ಅಂಗಡಿಯವನನ್ನು ಈ ಒಂದು ಪ್ರಶ್ನೆ ಕೇಳದೆ ಹಣ ಕೊಡಬಾರದು.

ಇನ್ನು ಡಿಸ್ಕಿನ ವಿಚಾರ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ತೋಳೊಂದು ಚಲಿಸುತ್ತದೆ. ಯಂತ್ರ ನಡೆಯುತ್ತಿರುವಾಗ ಧಕ್ಕೆ ತಗಲಿದರೆ ತಟ್ಟೆ ಕೆಡುವ ಭಯವುಂಟು. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಬಹು ಪಾಲು ವೇಗವಾದುದು, ಧಕ್ಕೆಯನ್ನೂ ತಾಳಿಕೊಳ್ಳುತ್ತದೆ. ಔರಾದದಿಂದಲೋ ಭಾಲ್ಕಿಯಿಂದಲೋ ಬಸ್ಸಿನಲ್ಲಿ ನಿತ್ಯವೂ ಚೀಲ ಹೊತ್ತು ಓಡಾಡುವವರಿಗೆ ಇದರ ಬೆಲೆ ಬೇಗನೆ ತಿಳಿಯುವುದು. ಹಳೆಯ ಯಂತ್ರವೊಂದು ಮನೆಯಲ್ಲಿ ಮೂಲೆಗೆ ಬಿದ್ದಿದ್ದರೆ ಅದರ ಹಾರ್ಡ್ ಡಿಸ್ಕನ್ನು ತೆಗೆದು 256 ಜಿ.ಬಿ.ಯ ಎಸ್‌ಎಸ್‌ಡಿ ಹಾಕಿಸಿ ನೋಡಬೇಕು. ಎಷ್ಟೋ ಸಲ ಹೊಸದನ್ನು ಕೊಳ್ಳುವ ಅಗತ್ಯವೇ ಕಾಣುವುದಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ಹೆಸರಿಗೆ ಮರುಳಾಗಬಾರದು. ಒಂದೇ ಹೆಸರಿನಲ್ಲಿ ವರ್ಷವರ್ಷಕ್ಕೂ ಹೊಸ ಪೀಳಿಗೆಗಳು ಬರುತ್ತವೆ. ಹತ್ತು ವರ್ಷದ ಹಿಂದಿನ ಐ7 ಎಂಬುದು ಇತ್ತೀಚಿನ ಐ3ಕ್ಕಿಂತ ಹಿಂದೆ ಬೀಳಬಹುದು. ಆದುದರಿಂದ ಹೆಸರಿನೊಡನೆ ಪೀಳಿಗೆಯನ್ನೂ ಕೇಳಿ ತಿಳಿಯಬೇಕು. ಆಟಕ್ಕೆಂದೇ ಮಾಡಿದ, ಬಣ್ಣಬಣ್ಣದ ದೀಪಗಳಿಂದ ಬೆಳಗುವ ಯಂತ್ರಗಳ ಕಡೆಗೆ ಎಳೆಯರ ಮನಸ್ಸು ಹರಿಯುವುದು ಸಹಜ. ಅವುಗಳ ಬೆಲೆಯ ದೊಡ್ಡ ಪಾಲು ಗ್ರಾಫಿಕ್ಸ್ ಭಾಗಕ್ಕೆ ಸಲ್ಲುತ್ತದೆ; ಅಕ್ಷರಗಳನ್ನು ಬರೆಯುವವನಿಗೆ ಅದರಿಂದ ಪ್ರಯೋಜನವಿಲ್ಲ. ಭಾರ ಹೆಚ್ಚು, ಬ್ಯಾಟರಿ ಬೇಗ ಬರಿದಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಕೊಳ್ಳುವವರು ಬಹುಮಟ್ಟಿಗೆ ಕಡೆಗಣಿಸುವ ಮೂರು ವಸ್ತುಗಳೇ ಪ್ರೋಗ್ರಾಮರನ ಮೈಗೆ ಹತ್ತಿರವಾದವು: ಕೀಲಿಮಣೆ, ಪರದೆ, ಬ್ಯಾಟರಿ. ದಿನಕ್ಕೆ ಆರು ತಾಸು ಬೆರಳುಗಳು ಕೀಲಿಮಣೆಯ ಮೇಲಿರುತ್ತವೆ. ಅಂಗಡಿಯಲ್ಲಿಯೇ ಒಂದು ಪುಟ ಬೆರಳಚ್ಚು ಮಾಡಿ ನೋಡಬೇಕು. ಪರದೆಯಲ್ಲಿ 1920ಕ್ಕೆ 1080 ಬಿಂದುಗಳಿದ್ದರೆ ಕನ್ನಡದ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಬ್ಯಾಟರಿಯೇ ಬಂಧು. ಮೇಜಿನ ಮೇಲಿಡುವ ಕಂಪ್ಯೂಟರು ಅದೇ ಬೆಲೆಗೆ ಹೆಚ್ಚು ಬಲವುಳ್ಳದ್ದು, ರಿಪೇರಿಗೂ ಸುಲಭ. ಆದರೆ ಅದಕ್ಕೆ ಯುಪಿಎಸ್ ಬೇಕು, ಒಂದೇ ಕಡೆ ಕೂಡುವ ಮನಸ್ಸೂ ಬೇಕು. ಕಂಪನಿಯ ಸೇವಾಕೇಂದ್ರ ಎಲ್ಲಿದೆ ಎಂಬುದನ್ನೂ ವಿಚಾರಿಸಬೇಕು. ಒಂದು ತಿರುಪು ಸಡಿಲವಾದರೆ ಜಿಲ್ಲೆಯ ಗಡಿ ದಾಟಿ ಹೋಗಬೇಕಾದರೆ ಅಗ್ಗದ ಯಂತ್ರವೂ ದುಬಾರಿಯೇ.

ಬಳಸಿದ ಯಂತ್ರವನ್ನು ಕೊಳ್ಳಬಹುದೇ? ಧಾರಾಳವಾಗಿ ಕೊಳ್ಳಬಹುದು, ಪರೀಕ್ಷೆ ತಿಳಿದಿದ್ದರೆ. ಈ ಪರೀಕ್ಷೆಯಲ್ಲಿ ನಮ್ಮ ಅಕ್ಷರ ಬಾರದ ಹಿರಿಯರೇ ನಮಗೆ ಗುರುಗಳು. ನಮ್ಮ ಸೀಮೆಯ ದೇವಣಿ ಎತ್ತನ್ನು ಕೊಳ್ಳುವವನು ಕೊರಳ ಗಂಟೆಯನ್ನೂ ಕೊಂಬಿನ ಬಣ್ಣವನ್ನೂ ನೋಡಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಾಗೆಯೇ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಪ್ರತಿಯೊಂದು ಕೀಲಿಯೂ ಒತ್ತಿದೊಡನೆ ಅಕ್ಷರ ಮೂಡಿಸುತ್ತದೆಯೇ, ಪರದೆಯ ಕೀಲು ಸಡಿಲವಾಗಿದೆಯೇ, ಅರ್ಧ ತಾಸು ನಡೆಸಿದರೆ ಕಾಯುತ್ತದೆಯೇ, ಕೊಂಡ ರಸೀತಿ ಇದೆಯೇ ಎಂಬುದನ್ನು ನೋಡಬೇಕು. ಎತ್ತಿನ ಸಂತೆಯ ವಿವೇಕವನ್ನು ಕಂಪ್ಯೂಟರಿನ ಅಂಗಡಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬಾರದು.

ತಂತ್ರಾಂಶದ ಆಯ್ಕೆ

ಯಂತ್ರಕ್ಕೆ ಹಣ ಬೇಕು. ತಂತ್ರಾಂಶಕ್ಕೆ ಬಹುಪಾಲು ಬೇಡ. ಇದು ಬಡ ವಿದ್ಯಾರ್ಥಿಗೆ ಒದಗಿದ ದೊಡ್ಡ ಭಾಗ್ಯ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ಓದಬಹುದಾದ, ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶವನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಫಿನ್ಲೆಂಡಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಆಗ ಅವರಿಗೆ 21 ವರ್ಷ, ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಇಂದು ಜಗತ್ತಿನ ಅಂತರಜಾಲ ಸೇವೆಗಳ ಬಹುಭಾಗ ಲಿನಕ್ಸಿನ ಮೇಲೆಯೇ ನಡೆಯುತ್ತಿದೆ. ನಮ್ಮ ಜೇಬಿನ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಅದೇ.

ವಿಂಡೋಸ್ ಬೇಡವೆಂದು ನಾನು ಹೇಳುವುದಿಲ್ಲ. ಕಚೇರಿಗಳಲ್ಲಿ ಅದರ ಬಳಕೆ ಹೆಚ್ಚು, ತಿಳಿದಿರುವುದು ಲೇಸು. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಪಟ್ಟಿಯಲ್ಲಿರುವ ಪ್ರೊಸೆಸರೂ ಯಂತ್ರದಲ್ಲಿರಬೇಕು. ಹೀಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಹಳೆಯ ಯಂತ್ರಗಳು ನಿರುಪಯುಕ್ತವೆಂಬ ಹಣೆಪಟ್ಟಿ ಹೊತ್ತಿವೆ. ಇವುಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಎಂಬ ಹಂಚಿಕೆಗಳಲ್ಲಿ ಯಾವುದನ್ನಾದರೂ ಒಂದು ಪೆನ್‌ಡ್ರೈವಿನಲ್ಲಿ ತುಂಬಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ಒಗ್ಗಿದರೆ ಇಟ್ಟುಕೊಳ್ಳಬಹುದು, ಒಗ್ಗದಿದ್ದರೆ ಪೆನ್‌ಡ್ರೈವನ್ನು ಕಿತ್ತರಾಯಿತು. ನೆರೆಯ ಕೇರಳದ ಸರಕಾರಿ ಶಾಲೆಗಳ ಮಕ್ಕಳು ಇಂಥ ಸ್ವತಂತ್ರ ತಂತ್ರಾಂಶದಲ್ಲಿಯೇ ಕಲಿಯುತ್ತಿದ್ದಾರೆಂಬುದು ಧೈರ್ಯ ಕೊಡುವ ಸಂಗತಿ.

ಬರೆಯುವ ಉಪಕರಣಕ್ಕೆ ಎಡಿಟರ್ ಎನ್ನುತ್ತಾರೆ. 1991ರ ವಿಮ್, ಅದಕ್ಕಿಂತ ಹಳೆಯದಾದ ಈಮ್ಯಾಕ್ಸ್, 2015ರಲ್ಲಿ ಬಂದ ವಿಷುವಲ್ ಸ್ಟುಡಿಯೋ ಕೋಡ್ ಮುಂತಾದವುಗಳಲ್ಲಿ ಯಾವುದು ಮೇಲೆಂದು ಪ್ರೋಗ್ರಾಮರುಗಳು ಜಗಳವಾಡುವುದುಂಟು. ಹೊಸಬನು ಈ ಜಗಳದಲ್ಲಿ ಹೊತ್ತು ಕಳೆಯಬಾರದು. ಒಂದನ್ನು ಹಿಡಿದು ಆರು ತಿಂಗಳು ಬಿಡದೆ ಅಭ್ಯಾಸ ಮಾಡಬೇಕು. ದಿನಕ್ಕೊಂದು ಎಡಿಟರನ್ನು ಬದಲಿಸುವವನು, ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಗೆ ನಿದರ್ಶನವಾಗುತ್ತಾನೆ. ಭಾಷೆಯ ವಿಷಯದಲ್ಲಿಯೂ ಹೀಗೆಯೇ. ಪೈಥಾನ್ ಓದಲು ಸರಳ, ಕನ್ನಡ ಅಕ್ಷರಗಳನ್ನು ಸಹಜವಾಗಿ ಸ್ವೀಕರಿಸುತ್ತದೆ. ಯಂತ್ರದ ಒಳಗುಟ್ಟು ತಿಳಿಯಬೇಕೆನ್ನುವವರು ಆಮೇಲೆ ಸಿ ಭಾಷೆಯನ್ನು ಕಲಿಯಲಿ.

ಕನ್ನಡದ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದು ಯಾವ ನಾಡಿನ ವಿದ್ಯಾರ್ಥಿಗೂ ಅನ್ವಯಿಸುವ ಮಾತು. ಕನ್ನಡಿಗನಾದ ಪ್ರೋಗ್ರಾಮರನಿಗೆ ಇನ್ನೊಂದು ಪರೀಕ್ಷೆಯುಂಟು: ಉಪಕರಣಕ್ಕೆ ಕನ್ನಡ ಬರುತ್ತದೆಯೇ? ಇದರ ಹಿಂದೆ ಒಂದು ಚರಿತ್ರೆಯಿದೆ. ಕಂಪ್ಯೂಟರು ಅಕ್ಷರವನ್ನು ಅರಿಯದು, ಅಂಕಿಯನ್ನಷ್ಟೇ ಅರಿಯುವುದು. ಪ್ರತಿ ಅಕ್ಷರಕ್ಕೂ ಒಂದು ಅಂಕಿಯನ್ನು ಗೊತ್ತುಮಾಡಬೇಕು. ಇಂಗ್ಲಿಷಿಗೆ ಈ ಒಪ್ಪಂದ ಬಹಳ ಹಿಂದೆಯೇ ಆಗಿತ್ತು. ಕನ್ನಡದಲ್ಲಿ ತೊಡಗಿದ ಹಿರಿಯರು ಇಂಗ್ಲಿಷಿನ ಅಂಕಿಗಳ ಜಾಗದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ದಾರಿ ಕಂಡುಕೊಂಡರು. ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಕನ್ನಡ ಎಂಬ ಪದಕ್ಕೆ ಅದರಲ್ಲಿ ಐದೇ ಕೀಲಿಗಳು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರಕಾರಿ ಕಚೇರಿಗಳಲ್ಲಿ ನೆಲೆಗೊಂಡಿತು. ಅದರ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಅನುಸರಿಸಿದ್ದು. ಇವರೆಲ್ಲರ ಉಪಕಾರ ದೊಡ್ಡದು.

ಆದರೆ ಆ ಕಾಲದ ಫಾಂಟುಗಳ ವಿಧಾನದಲ್ಲಿ ಒಂದು ತೊಡಕಿತ್ತು. ನುಡಿಯ ಹಳೆಯ ಫಾಂಟಿನಲ್ಲಿ ಕನ್ನಡ ಎಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೀರುಳ್ಳ ಎ, ಪೌಂಡು ನಾಣ್ಯದ ಗುರುತು ಇವುಗಳ ಗೊಂದಲ ಕಾಣುತ್ತದೆ. ಅಕ್ಷರಗಳು ಕಣ್ಣಿಗಷ್ಟೇ ಕನ್ನಡ, ಯಂತ್ರಕ್ಕೆ ಅಲ್ಲ. ಇಂಥ ಕಡತಗಳನ್ನು ಪೇಜ್‌ಮೇಕರಿನಲ್ಲಿ ಜೋಡಿಸಿ ಎಷ್ಟೋ ಪುಸ್ತಕಗಳು ಅಚ್ಚಾದವು. ಪೇಜ್‌ಮೇಕರಿನ ಕೊನೆಯ ಪ್ರಧಾನ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಆ ಬಳಿಕ ಅದರ ಬೆಳವಣಿಗೆ ನಿಂತುಹೋಯಿತು. ಉಪಕರಣ ಹೋಯಿತು, ಅದರಲ್ಲಿ ಹುದುಗಿದ್ದ ಕೆಲಸವೂ ಸಂಕಟಕ್ಕೆ ಸಿಕ್ಕಿತು. ಆ ಕಡತಗಳಲ್ಲಿ ಒಂದು ಪದವನ್ನು ಹುಡುಕಬೇಕಾದರೂ ಮೊದಲು ಅವನ್ನು ಪರಿವರ್ತಿಸಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಅಂಕಿಯನ್ನು ಕೊಡುವ ಈ ಒಪ್ಪಂದದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಫಾಂಟು ಬಂದಿತು. ಲಿನಕ್ಸಿನಲ್ಲಿ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಸ್ವತಂತ್ರ ಫಾಂಟುಗಳಿವೆ. ನುಡಿ, ಬರಹಗಳೂ ಯೂನಿಕೋಡಿಗೆ ಬಂದವು. ಇಂದು ಹೊಸದಾಗಿ ಬರೆಯುವ ಯಾವ ಕನ್ನಡ ಕಡತವನ್ನೂ ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು.

ಎಡಿಟರನ್ನು ಆರಿಸುವಾಗ ಮಾಡಬಹುದಾದ ಒಂದು ಸುಲಭ ಪರೀಕ್ಷೆಯನ್ನು ಹೇಳುತ್ತೇನೆ. ಅದರಲ್ಲಿ ಭಾಲ್ಕಿ ಎಂದು ಬರೆದು ನೋಡಿರಿ. ನಮ್ಮ ಕಣ್ಣಿಗೆ ಇದು ಎರಡೇ ಅಕ್ಷರಗಳ ಊರು. ಯೂನಿಕೋಡಿಗೆ ಆರು ಸಂಕೇತಗಳು: ಭ, ಆಕಾರದ ಗುರುತು, ಲ, ವಿರಾಮ, ಕ, ಇಕಾರದ ಗುರುತು. ಯುಟಿಎಫ್-8 ಎಂಬ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾದ್ದರಿಂದ ಡಿಸ್ಕಿನಲ್ಲಿ ಅದು ಹಿಡಿಯುವ ಜಾಗ 18 ಬೈಟು. ಕಕಾರವು ಒತ್ತಾಗಿ ಕೆಳಗಿಳಿಯಬೇಕು. ಇಕಾರವು ಅದಾದ ಮೇಲೆ ಬಂದರೂ ಮೇಲಿನ ಲಕಾರಕ್ಕೆ ಸೇರಬೇಕು. ಈ ಕಸರತ್ತು ತಿಳಿಯದ ಉಪಕರಣವು ಅಕ್ಷರವನ್ನು ಒಡೆದು ತೋರಿಸುತ್ತದೆ. ಹಲವು ಟರ್ಮಿನಲ್ ಕಿಟಕಿಗಳಲ್ಲಿ ಇಂದಿಗೂ ಹೀಗಾಗುತ್ತದೆ. ಇನ್ನು ಆ ಪದದ ಉದ್ದವೆಷ್ಟೆಂದು ಪೈಥಾನನ್ನು ಕೇಳಿದರೆ ಅದು ಆರು ಎನ್ನುತ್ತದೆ. ಅರ್ಜಿಯ ನಮೂನೆಯಲ್ಲಿ ಹೆಸರಿಗೆ ಇಷ್ಟೇ ಅಕ್ಷರಗಳೆಂದು ಮಿತಿ ಹಾಕುವ ಪ್ರೋಗ್ರಾಮರನಿಗೆ ಇದು ತಿಳಿಯದಿದ್ದರೆ ಕನ್ನಡದ ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ.

ಅಕಾರಾದಿಯಾಗಿ ಜೋಡಿಸುವುದರಲ್ಲಿಯೂ ಇಂಥದೇ ಬಲೆಯಿದೆ. ನಿಘಂಟಿನ ಕ್ರಮ ಹವಳ, ಹಸು, ಹಳ್ಳಿ. ಆದರೆ ಯೂನಿಕೋಡಿನ ಪಟ್ಟಿಯಲ್ಲಿ ಳಕಾರವು ಲಕಾರದ ಬೆನ್ನಿಗೇ ಕುಳಿತಿದೆ. ಬರಿಯ ಅಂಕಿಯ ಕ್ರಮದಲ್ಲಿ ಜೋಡಿಸುವ ಉಪಕರಣವು ಹಳ್ಳಿ, ಹವಳ, ಹಸು ಎನ್ನುತ್ತದೆ. ಕನ್ನಡದ ಕ್ರಮವನ್ನು ಅರಿತ ವಿಂಗಡಣೆಯ ನಿಯಮಗಳನ್ನು ಪ್ರತ್ಯೇಕವಾಗಿ ಬಳಸಬೇಕು. ಕನ್ನಡದ ಎಂ.ಎ. ಪದವೀಧರನಿಗೆ ಒಡನೆಯೇ ಕಾಣುವ ಈ ತಪ್ಪು ಬರಿಯ ಇಂಜಿನಿಯರನ ಕಣ್ಣಿಗೆ ಬೀಳದೆ ಹೋಗಬಹುದು. ಕಲಾ ವಿಭಾಗದವರು ಈ ಕಸುಬಿಗೆ ಏನನ್ನು ತರಬಲ್ಲರೆಂಬುದಕ್ಕೆ ಇದೇ ಉತ್ತರ.

ನಮ್ಮ ಜಿಲ್ಲೆಯಲ್ಲಂತೂ ಈ ಪರೀಕ್ಷೆ ಇನ್ನೂ ಕಠಿಣ. ಔರಾದ ತಾಲ್ಲೂಕಿನ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರೆಲ್ಲರೂ ಒಂದೇ ಸಂತೆಯಲ್ಲಿ ಸೇರುತ್ತಾರೆ. ಇವರ ಹೆಸರುಗಳನ್ನು ಅವರವರ ಲಿಪಿಯಲ್ಲಿ ಒಂದೇ ಪಟ್ಟಿಯಲ್ಲಿ ಬರೆಯುವ ಪ್ರೋಗ್ರಾಂ ಬೇಕಾದರೆ, ಎಡದಿಂದ ಬಲಕ್ಕೆ ಸಾಗುವ ಮೂರು ಲಿಪಿಗಳೊಡನೆ ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ಅದು ಹೊರಬೇಕು. ಯೂನಿಕೋಡನ್ನು ಬಲ್ಲ ಉಪಕರಣವೊಂದೇ ಈ ಭಾರವನ್ನು ಹೊರಬಲ್ಲದು. ಯೂನಿಕೋಡಿನ ಫಲವನ್ನು ಕಾಣಬೇಕೆಂದರೆ ‘ವಚನ ಸಂಚಯ’ ಎಂಬ ತಾಣವನ್ನು ನೋಡಬೇಕು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದ ಎಲ್ಲೆಲ್ಲಿ ಬಂದಿದೆ ಎಂಬುದನ್ನು ಅಲ್ಲಿ ಕ್ಷಣಮಾತ್ರದಲ್ಲಿ ಅರಿಯಬಹುದು. ಶರಣರು ನಡೆದಾಡಿದ ಬಸವಕಲ್ಯಾಣ ನಮ್ಮ ಜಿಲ್ಲೆಯದೇ ಆಗಿರಲು, ಇಂಥ ಕೆಲಸ ನಮ್ಮಿಂದಲೂ ಏಕೆ ಆಗಬಾರದು?

ಉಪಕರಣ ಹೋದರೂ ಕೆಲಸ ಉಳಿಯಲಿ

ಒಬ್ಬರ ಒಡೆತನದ ಉಪಕರಣವನ್ನು ಪೂರ್ತಿಯಾಗಿ ನೆಚ್ಚುವುದರಲ್ಲಿ ಅಪಾಯವಿದೆ. ಲಿನಕ್ಸಿನ ಕರ್ತೃಗಳೇ ಇದನ್ನು ಅನುಭವಿಸಿದರು. ತಮ್ಮ ಬರಹದ ಬದಲಾವಣೆಗಳನ್ನು ದಾಖಲಿಸಲು ಅವರು 2002ರಿಂದ ಬಿಟ್‌ಕೀಪರ್ ಎಂಬ ಕಂಪನಿಯೊಂದರ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಆ ಉಚಿತ ಅನುಮತಿ ನಿಂತಿತು. ಟೊರ್ವಾಲ್ಡ್ಸ್ ಅವರು ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಗಿಟ್ ಎಂಬ ಹೊಸ ಉಪಕರಣವನ್ನೇ ಬರೆದರು. ಇಂದು ಅದು ಪ್ರೋಗ್ರಾಮರುಗಳ ನಿತ್ಯದ ಸಂಗಾತಿ. ಬಹು ಜನಪ್ರಿಯವಾಗಿದ್ದ ಆ್ಯಟಮ್ ಎಂಬ ಎಡಿಟರನ್ನು ಅದರ ಒಡೆಯರು 2022ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಆದರೆ ಅದರಲ್ಲಿ ಬರೆದ ಪ್ರೋಗ್ರಾಂಗಳಿಗೆ ಕುಂದು ಬರಲಿಲ್ಲ. ಅವು ಸಾದಾ ಅಕ್ಷರದ ಕಡತಗಳು, ಯಾವ ಎಡಿಟರಿನಲ್ಲಿಯೂ ತೆರೆಯುತ್ತವೆ. ಪೇಜ್‌ಮೇಕರಿನ ಕನ್ನಡ ಕಡತಕ್ಕೂ ಇದಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು.

ಪ್ರತಿಗಳನ್ನು ಇಡುವುದೂ ಉಪಕರಣದ ವಿವೇಕವೇ. ಮಹಮೂದ್ ಗವಾನನು 1472ರಲ್ಲಿ ನಮ್ಮ ಬೀದರಿನಲ್ಲಿ ಕಟ್ಟಿಸಿದ ಮದರಸಾದಲ್ಲಿ ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗ ಉರುಳಿತು. ಹೆಂಚಿನ ನೀಲಿ ಬಣ್ಣ ಗೋಡೆಯ ಮೇಲೆ ಇಂದಿಗೂ ಉಳಿದಿದೆ. ಆ ಗ್ರಂಥಗಳು ಅಲ್ಲಿಲ್ಲ. ನಮ್ಮ ಕೆಲಸದ ಒಂದು ಪ್ರತಿ ಯಂತ್ರದಲ್ಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಪ್ರತಿ ದೂರದ ಊರಿನ ಯಂತ್ರದಲ್ಲಿ ಇರಬೇಕು. ಗಿಟ್ ಕಲಿತವನಿಗೆ ಇದು ದಿನಕ್ಕೆ ಎರಡು ನಿಮಿಷದ ಕೆಲಸ.

ಈಚಿನ ವರ್ಷಗಳಲ್ಲಿ ಪ್ರೋಗ್ರಾಮನ್ನು ತಾವೇ ಬರೆದುಕೊಡುವ ಕೃತಕ ಬುದ್ಧಿಯ ಉಪಕರಣಗಳೂ ಬಂದಿವೆ. ಅವುಗಳನ್ನು ಬಳಸಲು ಅಡ್ಡಿಯಿಲ್ಲ. ಬರೆದುಕೊಟ್ಟದ್ದನ್ನು ಓದಿ ತಪ್ಪು ಹಿಡಿಯುವ ಶಕ್ತಿ ನಮ್ಮಲ್ಲಿರಬೇಕು, ಅಷ್ಟೆ. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಎಷ್ಟು ಹೊಲ ಕಳೆದುಕೊಂಡರೆಂಬುದನ್ನು ಮರೆಯಬಾರದು.

ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಫಲಕ ಯಾವುದಿತ್ತೆಂಬುದು ಮುಖ್ಯವಾಗಲಿಲ್ಲ. ಕಲಿತ ಅಕ್ಷರ ಉಳಿಯಿತು. ಯಂತ್ರದ ಮೇಲಿನ ಕಂಪನಿಯ ಹೆಸರೂ ಅಂಥದೊಂದು ಫಲಕವೇ. ಮೇಜು ಅಗಲವಾಗಿರಲಿ, ಕಪಾಟು ಗಟ್ಟಿಯಾಗಿರಲಿ, ತಂತ್ರಾಂಶ ಸ್ವತಂತ್ರವಾಗಿರಲಿ, ಕನ್ನಡ ಯೂನಿಕೋಡಿನಲ್ಲಿರಲಿ, ಪ್ರತಿ ಮೂರಿರಲಿ. ಉಳಿದದ್ದೆಲ್ಲ ಕೊರಳ ಗಂಟೆ. ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿರುವ ಮಿತ್ರರು ಅಂಗಡಿಗೆ ಹೋಗುವ ಮುನ್ನ ಈ ಐದು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಈ ಲೇಖನ ಸಾರ್ಥಕವಾದಂತೆ.